ಕಂಪಾಸು ಪೆಟ್ಟಿಗೆ ಯಾರು ಕದ್ದರು?

ಸೇಡಂ ಸುತ್ತಲಿನ ಯಾವ ಶಾಲೆಯಲ್ಲಾದರೂ ನಡೆಯಬಹುದಾದ ಪ್ರಸಂಗ ಇದು. ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನ ಹೊಸ ಕಂಪಾಸು ಪೆಟ್ಟಿಗೆ ಕಾಣೆಯಾಗುತ್ತದೆ. ತೆಗೆದುಕೊಂಡವರನ್ನು ಯಾರೂ ನೋಡಿಲ್ಲ. ಆದರೂ ತರಗತಿಯ ಕಣ್ಣೆಲ್ಲ ಹಿಂದಿನ ಬೆಂಚಿನ ಕಡೆ ಹೊರಳುತ್ತದೆ. ಅಲ್ಲಿ ಕುಳಿತವನು ತಾಂಡಾದಿಂದ ಬರುವ ಹುಡುಗ.

"ಅಂವನೇ ತಗೊಂಡಿರಬೇಕ್ರಿ ಸರ್" ಎಂದು ಒಬ್ಬ ಹೇಳುತ್ತಾನೆ. "ನೀ ನೋಡೀಯೇನು?" ಎಂದು ಮಾಸ್ತರು ಕೇಳಿದರೆ, "ಇಲ್ರಿ, ಆದ್ರ ಅಂವ ತಲಿ ಕೆಳಗ ಹಾಕ್ಯಾನ್ರಿ" ಎಂಬ ಉತ್ತರ. ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆ ಪ್ರಯೋಗಶಾಲೆಯ ಕಿಟಕಿಯಲ್ಲಿ ಸಿಗುತ್ತದೆ. ಅದರ ಒಡೆಯನೇ ಬೆಳಿಗ್ಗೆ ಅಲ್ಲಿ ಮರೆತು ಬಂದಿದ್ದ. ಪೆಟ್ಟಿಗೆ ಸಿಕ್ಕಿತಲ್ಲ ಎಂದು ಎಲ್ಲರೂ ವಿಷಯವನ್ನು ಮರೆಯುತ್ತಾರೆ. ಹಿಂದಿನ ಬೆಂಚಿನವನು ಮಾತ್ರ ಮರೆಯುವುದಿಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ನಮ್ಮಲ್ಲಿದೆ. ಹೆಗಲು ಮುಟ್ಟಿಕೊಂಡವನೇ ಕಳ್ಳ ಎಂಬುದು ಅದರ ತರ್ಕ. ಆದರೆ ಪ್ರತಿ ಸಲವೂ ಸಂಶಯಕ್ಕೆ ಗುರಿಯಾದವನು ಕದಿಯದೆ ಇದ್ದರೂ ಹೆಗಲು ಮುಟ್ಟಿಕೊಳ್ಳುತ್ತಾನೆ, ತಲೆ ತಗ್ಗಿಸುತ್ತಾನೆ. ಅದು ಅಂಜಿಕೆಯ ಗುರುತೇ ಹೊರತು ಕಳ್ಳತನದ ಪುರಾವೆಯಲ್ಲ.

ಹಾಗಾದರೆ ಮಕ್ಕಳ ಕಣ್ಣು ಆ ಬೆಂಚಿನ ಕಡೆಗೇ ಹೊರಳಿದ್ದೇಕೆ? ಯಾವ ಪಾಠಪುಸ್ತಕವೂ ಅದನ್ನು ಕಲಿಸಿಲ್ಲ. ಮನೆಯ ಕಟ್ಟೆಯ ಮೇಲೆ, ಬಸ್ ಸ್ಟ್ಯಾಂಡಿನಲ್ಲಿ, "ಚೀಲ ನೋಡ್ಕೋ" ಎಂಬ ಪಿಸುಮಾತಿನಲ್ಲಿ ಅವರು ಒಂದು ಕಥೆ ಕೇಳಿದ್ದಾರೆ. ವಿಜ್ಞಾನದ ವಿದ್ಯಾರ್ಥಿ ಒಂದು ವಸ್ತುವನ್ನು ಕಂಡಾಗ ಇದು ಎಲ್ಲಿಂದ ಬಂತು ಎಂದು ಕೇಳುವಂತೆ, ಕಥೆಯನ್ನು ಕೇಳಿದಾಗಲೂ ಅದೇ ಪ್ರಶ್ನೆ ಹಾಕಬೇಕು.

ಚಿಂಚೋಳಿ, ಚಿತ್ತಾಪುರ, ಸೇಡಂ ಸೀಮೆಯ ತಾಂಡಾಗಳಲ್ಲಿ ನೆಲೆಸಿರುವ ಲಂಬಾಣಿಗರು ಬಂಜಾರ ಸಮುದಾಯದವರು. ಅವರ ಪೂರ್ವಜರು ಎತ್ತುಗಳ ಬೆನ್ನಿನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ನಾಡಿನ ಉದ್ದಗಲಕ್ಕೆ ಸಾಗಿಸುತ್ತಿದ್ದರು. ತಾಂಡಾ ಎಂಬ ಮಾತಿಗೆ ಮೊದಲಿದ್ದ ಅರ್ಥವೇ ಹೀಗೆ ಹೇರು ಹೊತ್ತು ಸಾಗುವ ತಂಡ ಎಂದು. ರಾಜರ ದಂಡುಗಳಿಗೂ ಇವರೇ ಕಾಳು ಒದಗಿಸಬೇಕಿತ್ತು. 1791-92ರಲ್ಲಿ ಕಾರ್ನ್‌ವಾಲಿಸ್ ಟಿಪ್ಪು ಸುಲ್ತಾನನ ಮೇಲೆ ದಂಡೆತ್ತಿ ಬಂದಾಗ ಕಂಪನಿಯ ಸೈನ್ಯದ ಹೊಟ್ಟೆ ತುಂಬಿಸಿದವರಲ್ಲಿ ಬಂಜಾರರೂ ಇದ್ದರು. ಆಗ ಅವರು ಕಂಪನಿಗೆ ಬೇಕಾದವರು.

ಮುಂದೆ ರೈಲು ಬಂತು. ಮುಂಬಯಿ ಕಡೆಯಿಂದ ಹೊರಟ ಹಳಿ ಕಲಬುರಗಿ, ಶಹಾಬಾದ್, ವಾಡಿ ದಾಟಿ 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಮಾರ್ಗವಾಗಿ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಹತ್ತಾರು ಎತ್ತುಗಳ ಹೊರೆಯನ್ನು ಒಂದೇ ಗೂಡ್ಸ್ ಡಬ್ಬಿ ಹೊರತೊಡಗಿದ ಮೇಲೆ ಹೇರೆತ್ತಿನವರ ಕಸುಬು ಉಳಿಯುವುದು ಹೇಗೆ?

ಹಳಿಗಳು ಕೂಡಿದ ಆ 1871ರಲ್ಲೇ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ತಂದಿತು. ಬಡಗಿಯ ಮಗ ಬಡಗಿಯಾಗುವಂತೆ ಕಳ್ಳತನವೂ ಕೆಲವು ಜಾತಿಗಳ ಕುಲಕಸುಬು ಎಂಬುದು ಅದರ ಹಿಂದಿದ್ದ ವಾದ. ಉತ್ತರ ಭಾರತದಲ್ಲಿ ಮೊದಲು ಜಾರಿಯಾದ ಕಾಯ್ದೆಯನ್ನು 1911ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆಲ್ಲ ವಿಸ್ತರಿಸಿದರು. ಹಲವು ಅಲೆಮಾರಿ ಸಮುದಾಯಗಳು ಪಟ್ಟಿಗೆ ಸೇರಿದವು. ಕೆಲವು ಪ್ರಾಂತಗಳಲ್ಲಿ ಬಂಜಾರರೂ ಸೇರಿದರು. ಪಟ್ಟಿಯಲ್ಲಿದ್ದವರು ಪೊಲೀಸರಲ್ಲಿ ಹೆಸರು ಬರೆಸಬೇಕು, ಊರು ಬಿಡಲು ಪರವಾನಗಿ ಪಡೆಯಬೇಕು. ತೊಟ್ಟಿಲ ಕೂಸಿಗೂ ಅದೇ ಹಣೆಪಟ್ಟಿ. ನಮ್ಮ ಭಾಗ ಆಗ ನಿಜಾಮರ ಆಳಿಕೆಯಲ್ಲಿತ್ತು ನಿಜ. ಆದರೆ ಇಂಥ ಕಥೆಗಳಿಗೆ ಗಡಿಯ ಚೌಕಿಗಳಿರುವುದಿಲ್ಲ.

ಈ ವಾದದಲ್ಲಿರುವ ದೋಷವನ್ನು ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೂ ಹಿಡಿಯಬಲ್ಲ. ನಲವತ್ತು ಮಕ್ಕಳಲ್ಲಿ ಒಬ್ಬನ ಬಾಯಿಗೆ ಮಾತ್ರ ಥರ್ಮಾಮೀಟರ್ ಇಟ್ಟರೆ, ಜ್ವರ ಕಾಣಿಸುವುದಾದರೆ ಅವನೊಬ್ಬನಲ್ಲೇ ಕಾಣಿಸಬೇಕು. ಉಳಿದವರಿಗೆ ಜ್ವರವಿಲ್ಲ ಎಂದು ಅದರಿಂದ ತೀರ್ಮಾನಿಸಲಾಗದು. ಪೊಲೀಸರು ಒಂದು ತಾಂಡಾವನ್ನೇ ಹಗಲಿರುಳು ಶೋಧಿಸಿದರೆ ದಫ್ತರಿನಲ್ಲಿ ಅದರ ಹೆಸರೇ ತುಂಬುತ್ತದೆ. ಆ ದಫ್ತರನ್ನು ತೋರಿಸಿ ಮತ್ತೆ ಅಲ್ಲಿಯೇ ಶೋಧಿಸಲು ಆಜ್ಞೆ ಹೊರಡುತ್ತದೆ. ಹೀಗೆ ಕಥೆ ತನ್ನ ಪುರಾವೆಯನ್ನು ತಾನೇ ತಯಾರಿಸಿಕೊಳ್ಳುತ್ತದೆ. 1952ರ ಆಗಸ್ಟ್ 31ರಂದು ಆ ಕಾಯ್ದೆ ರದ್ದಾಯಿತು. ಕಥೆ ರದ್ದಾಗಲಿಲ್ಲ.

ಅಧಿಕಾರಕ್ಕೆ ಕಥೆ ಕಟ್ಟಿ ಮಾತ್ರ ಗೊತ್ತು ಎಂದಲ್ಲ, ಕಥೆಯನ್ನು ಹೇಳದೆ ಬಿಡುವುದೂ ಗೊತ್ತು. ಇದಕ್ಕೆ ಉದಾಹರಣೆ ನಮ್ಮ ಚಿತ್ತಾಪುರ ತಾಲ್ಲೂಕಿನಲ್ಲೇ, ಭೀಮಾ ತೀರದ ಸನ್ನತಿಯಲ್ಲಿದೆ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಛಾವಣಿ ಕುಸಿಯಿತು. ಮೂರ್ತಿಗೆ ಪೀಠವಾಗಿದ್ದ ಬಂಡೆಯ ಮೇಲೆ ಸಾಮ್ರಾಟ ಅಶೋಕನ ಶಾಸನಗಳು ಕಂಡವು. ಒಂದು ಬದಿಯಲ್ಲಿ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಾಸನಗಳಿವೆ. ನಡುವಿನ ಹದಿಮೂರನೆಯದು ಇಲ್ಲ.

ಹದಿಮೂರನೆಯದರಲ್ಲಿ ಏನಿತ್ತು? ಕಳಿಂಗ ಯುದ್ಧದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದೊಯ್ಯಲಾಯಿತು ಎಂಬ ಅರಸನ ಪಶ್ಚಾತ್ತಾಪದ ಮಾತು. ಗಿರ್ನಾರ್, ಶಹಬಾಜ್‌ಗಢಿಗಳಂಥ ದೂರದ ಊರುಗಳಲ್ಲಿ ಅದನ್ನು ಕೊರೆಸಲಾಗಿದೆ. ಯುದ್ಧದ ನೋವುಂಡ ಕಳಿಂಗದ ಧೌಲಿ, ಜೌಗಡಗಳಲ್ಲಿ ಅದನ್ನು ಬಿಟ್ಟು, ಪ್ರಜೆಗಳೆಲ್ಲ ತನ್ನ ಮಕ್ಕಳು, ಅಧಿಕಾರಿಗಳು ಯಾರನ್ನೂ ವಿನಾಕಾರಣ ಸೆರೆಗೆ ಹಾಕಬಾರದು ಎಂಬ ಬೇರೆ ಶಾಸನಗಳನ್ನು ಹಾಕಿಸಿದ. ಸನ್ನತಿಯ ಬಂಡೆಯ ಇನ್ನೊಂದು ಬದಿಯಲ್ಲೂ ಅವೇ ಇವೆ. ಅಶೋಕ ಒಳ್ಳೆಯ ಅರಸನೇ. ಆದರೂ ಯಾವ ಊರಿನವರು ಯಾವ ಕಥೆ ಕೇಳಬೇಕೆಂದು ನಿರ್ಧರಿಸಿದವನು ಅವನು. ಆ ಯುದ್ಧದ ಬಗ್ಗೆ ಕಳಿಂಗದವರು ತಾವೇ ಕೊರೆಸಿದ ಒಂದು ಕಲ್ಲೂ ಇಂದು ನಮ್ಮ ಮುಂದಿಲ್ಲ.

ಶಾಲೆಯಿಂದ ಸನ್ನತಿಗೆ ಪ್ರವಾಸ ಹೋಗುವ ಮಕ್ಕಳು ಮೂರು ಪ್ರಶ್ನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಲಿ. ಈ ಕಥೆಯನ್ನು ಹೇಳಿದವರು ಯಾರು? ಇದನ್ನು ನಂಬಿದರೆ ಲಾಭ ಯಾರಿಗೆ? ಮಾತಾಡುವ ಅವಕಾಶ ಸಿಗದವರು ಯಾರು? ತಿರುಗಿ ಬಂದ ಮೇಲೆ ತಮ್ಮ ಓಣಿಯ, ತಮ್ಮ ಜಾತಿಯ, ಪಕ್ಕದ ಊರಿನ ಕಥೆಗಳಿಗೂ ಇವನ್ನೇ ಹಚ್ಚಿ ನೋಡಲಿ. ತಾಂಡಾದ ಸಹಪಾಠಿಯ ಅಜ್ಜನನ್ನು ಮಾತಾಡಿಸಿ, ಎತ್ತಿನ ಹೇರಿನ ಕಾಲದ್ದು ಏನಾದರೂ ನೆನಪಿದೆಯೇ ಎಂದು ಕೇಳಿ ಬರೆದುಕೊಳ್ಳಲಿ. ಅದೂ ಇತಿಹಾಸವೇ.

ಪಾಲಕರಿಗೂ ಒಂದು ಕೆಲಸವಿದೆ. ಮುಂದಿನ ಸಲ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಯಾರೋ ಬಂದು ಕುಳಿತಾಗ ಚೀಲವನ್ನು ಹತ್ತಿರ ಎಳೆದುಕೊಳ್ಳುವ ಮೊದಲು, ಮಗ್ಗುಲಲ್ಲಿರುವ ಮಗುವಿನ ಕಡೆ ಒಮ್ಮೆ ನೋಡಲಿ. ಅದು ಪಾಠ ಕಲಿಯುತ್ತಿರುತ್ತದೆ. ಇನ್ನು ಆ ಎಂಟನೆಯ ತರಗತಿಯಲ್ಲಿ ಕಂಪಾಸು ಪೆಟ್ಟಿಗೆ ಸಿಕ್ಕ ಮಧ್ಯಾಹ್ನ ಆಗಬೇಕಿದ್ದ ಕೆಲಸ ಒಂದೇ. ಎಲ್ಲರೂ ಕೇಳುವಂತೆ ತಪ್ಪು ಹೊರಿಸಿದವರು, ಎಲ್ಲರೂ ಕೇಳುವಂತೆಯೇ "ತಪ್ಪಾತು" ಎಂದು ಹೇಳಬೇಕಿತ್ತು.