ಪ್ರಶ್ನೆ ಕೇಳುವ ವೃತ್ತಿ

ಮುಳಬಾಗಿಲಿನ ಪೇಟೆಯನ್ನು ದಾಟಿ ನರಸಿಂಹತೀರ್ಥದ ಕಡೆಗೆ ಹೋಗುವ ದಾರಿಯಲ್ಲಿ, ಸುಮಾರು ಹದಿನೈದು ವರ್ಷಗಳ ಕೆಳಗೆ, ಒಂದು ಹೆಂಚಿನ ಮನೆಯಲ್ಲಿ ನಾನು ಒಂದು ರಾತ್ರಿ ಅತಿಥಿಯಾಗಿ ಉಳಿಯಬೇಕಾಯಿತು. ಆ ಮನೆಯವರ ಮನೆಮಾತು ತೆಲುಗು. ಊಟಕ್ಕೆ ಇನ್ನೂ ಹೊತ್ತಿದ್ದುದರಿಂದ ಎಲ್ಲರೂ ದೂರದರ್ಶನದ ಪೆಟ್ಟಿಗೆಯ ಎದುರಿಗೆ ಕುಳಿತಿದ್ದರು. ಮನೆಯ ಹಿರಿಯಾಕೆ, ಎಂಬತ್ತನ್ನು ಸಮೀಪಿಸಿದ್ದ ಅಜ್ಜಿ, ಮೊರದ ತುಂಬ ಅವರೆಕಾಯಿಯನ್ನಿಟ್ಟುಕೊಂಡು ಸುಲಿಯುತ್ತ, ಸೊಸೆಯೊಡನೆ ತೆಲುಗಿನಲ್ಲಿ ಯಾವುದೋ ಲೇವಾದೇವಿಯ ಮಾತನ್ನಾಡುತ್ತಿದ್ದಾಕೆ, 'ರಂಗವಿಠಲ' ಎಂಬ ಅಂಕಿತವು ಯಾರದೆಂಬ ಪ್ರಶ್ನೆ ಪರದೆಯ ಮೇಲಿಂದ ಕೇಳಿಬಂದದ್ದೇ ತಡ, ಸ್ಪರ್ಧಿಗಳು ಬಾಯಿ ತೆರೆಯುವುದಕ್ಕೆ ಮೊದಲೇ, ಕೈಯಲ್ಲಿದ್ದ ಕಾಯನ್ನು ಮೊರಕ್ಕೆ ಹಾಕಿ, "ಶ್ರೀಪಾದರಾಜರು, ಇನ್ಯಾರು!" ಎಂದು ಅಚ್ಚಗನ್ನಡದಲ್ಲಿ ನುಡಿದರು. ಹದಿನೈದನೆಯ ಶತಮಾನದ ಆ ಯತಿಗಳ ಬೃಂದಾವನವು ಆಕೆಯ ಮನೆಯಿಂದ ನಡೆದುಹೋಗುವಷ್ಟೇ ದೂರದಲ್ಲಿರುವುದು. ಕಾರ್ಯಕ್ರಮವನ್ನು ನಡೆಸುತ್ತಿದ್ದವರು ಸರಿಯುತ್ತರವನ್ನು ಹೇಳಿ, ಅಷ್ಟಕ್ಕೇ ಬಿಡದೆ, ದಾಸಸಾಹಿತ್ಯದ ವಿಚಾರವಾಗಿ ಎರಡು ಮಾತುಗಳನ್ನು ಸೇರಿಸಿದಾಗ ಅಜ್ಜಿ ತಲೆದೂಗಿ, "ಆಯನ ಬಾಗಾ ಚೆಪ್ತಾರು" ಎಂದರು. ಉತ್ತರವನ್ನು ಕನ್ನಡದಲ್ಲಿ ಹೇಳಿ ಮೆಚ್ಚುಗೆಯನ್ನು ತೆಲುಗಿನಲ್ಲಿ ಹೇಳಿದ ಆ ಅಜ್ಜಿಯ ಮುಖವನ್ನು ನಾನು ಇಂದಿಗೂ ಮರೆತಿಲ್ಲ.

ಆ ಕಾರ್ಯಕ್ರಮವು 'ಥಟ್ ಅಂತ ಹೇಳಿ'. ಅಜ್ಜಿ ಮೆಚ್ಚಿದ ಮಹನೀಯರು ಡಾ. ನಾ. ಸೋಮೇಶ್ವರರು. 2002ರ ಆರಂಭದಲ್ಲಿ ಚಂದನ ವಾಹಿನಿಯಲ್ಲಿ ತೊಡಗಿದ ಈ ರಸಪ್ರಶ್ನೆಯ ಕಾರ್ಯಕ್ರಮವು ಮೂರು ಸಾವಿರ ಸಂಚಿಕೆಗಳನ್ನು ಮೀರಿ ನಡೆದುಬಂದಿದೆ. ಒಬ್ಬರೇ ವ್ಯಕ್ತಿ ಅದನ್ನು ನಡೆಸಿಕೊಂಡು ಬಂದಿದ್ದಾರೆ. ಸಂಚಿಕೆಯೊಂದಕ್ಕೆ ಹತ್ತೇ ಪ್ರಶ್ನೆಗಳೆಂದು ಹಿಡಿದರೂ ಮೂವತ್ತು ಸಾವಿರ ಪ್ರಶ್ನೆಗಳಾದವು. ಪ್ರತಿಯೊಂದರಲ್ಲಿಯೂ ತಪ್ಪು ನುಸುಳದಂತೆ ನೋಡಬೇಕು, ಹಿಂದೆ ಕೇಳಿದ್ದನ್ನು ಮತ್ತೆ ಕೇಳದಂತಿರಬೇಕು, ಹಳ್ಳಿಯ ಮಾಧ್ಯಮಿಕ ಶಾಲೆಯ ಹುಡುಗಿಗೂ ನಗರದ ನಿವೃತ್ತ ಅಧಿಕಾರಿಗೂ ಏಕಕಾಲದಲ್ಲಿ ರುಚಿಸುವಂತಿರಬೇಕು. ಈ ಶ್ರಮದ ಪ್ರಮಾಣವನ್ನು, ಮೂವತ್ತು ವರ್ಷ ಈ ಕೋಲಾರ ಜಿಲ್ಲೆಯಲ್ಲಿ ಕನ್ನಡ ಪಾಠ ಹೇಳಿ, ವರ್ಷಕ್ಕೆ ನಾಲ್ಕು ಪ್ರಶ್ನಪತ್ರಿಕೆಗಳನ್ನು ಸಿದ್ಧಪಡಿಸುವುದರಲ್ಲಿಯೇ ಬಳಲಿದ ನನ್ನಂಥವನು ಊಹಿಸಬಲ್ಲನು.

ನಟನ ವೃತ್ತಿಯನ್ನು ನಾವು ವೃತ್ತಿಯೆಂದು ಗೌರವಿಸುತ್ತೇವೆ, ಗಾಯಕನದನ್ನೂ ಹಾಗೆಯೇ. ಆದರೆ ಪ್ರಶ್ನೆ ಕೇಳುವವನದು ಕೇವಲ ಮಾತುಗಾರಿಕೆಯೆಂಬ ಭಾವನೆ ವಿದ್ಯಾವಂತರಲ್ಲಿಯೂ ಉಂಟು. ಈ ಭಾವನೆಯು ತಪ್ಪೆಂದು ಹೇಳುವುದೇ ಈ ಲೇಖನದ ಉದ್ದೇಶ. ಸೋಮೇಶ್ವರರು ವೈದ್ಯರು, ಆರೋಗ್ಯವನ್ನು ಕುರಿತು ಕನ್ನಡದಲ್ಲಿ ಅನೇಕ ಗ್ರಂಥಗಳನ್ನು ಬರೆದವರು. ವೈದ್ಯನ ಚಿಕಿತ್ಸೆಯೆಲ್ಲ ಪ್ರಶ್ನೆಯಿಂದಲೇ ಮೊದಲಾಗತಕ್ಕದ್ದು. ಎಲ್ಲಿ ನೋವು, ಎಂದಿನಿಂದ, ಉಂಡ ಮೇಲೋ ಉಣ್ಣುವ ಮೊದಲೋ ಎಂದು ಕೇಳಿ, ರೋಗಿಯು ತಡವರಿಸಿದರೆ ಕಾದು, ತಪ್ಪು ಹೇಳಿದರೆ ಗದರದೆ ಇನ್ನೊಂದು ದಾರಿಯಿಂದ ಕೇಳಿ ತಿಳಿಯುವ ಸಹನೆಯು ಆ ವಿದ್ಯೆಯ ಮೊದಲ ಪಾಠ. ಉತ್ತರವನ್ನು ಅರಿಯದೆ ಕೇಳುವುದು ವೈದ್ಯನ ರೀತಿ, ಉತ್ತರವನ್ನು ಅರಿತೇ ಕೇಳುವುದು ಪ್ರಶ್ನಕಾರನ ರೀತಿ ಎಂಬ ಭೇದವಿದ್ದರೂ, ಎದುರಿಗೆ ಕುಳಿತವನು ಅಂಜಬಾರದೆಂಬ ಎಚ್ಚರ ಎರಡು ಕಡೆಯೂ ಒಂದೇ. ಚಂದನದ ಆ ವೇದಿಕೆಯಲ್ಲಿ ಉತ್ತರ ತಪ್ಪಿದ ಸ್ಪರ್ಧಿಯು ಮುಖ ಬಾಡಿಸಿಕೊಂಡು ಏಳುವ ದೃಶ್ಯವು ನನಗೆ ಕಾಣಬರದಿರುವುದಕ್ಕೆ ಈ ವೈದ್ಯಸಹಜವಾದ ಸೌಜನ್ಯವೇ ಕಾರಣವೆಂದು ನಾನು ನಂಬಿದ್ದೇನೆ.

ಇನ್ನೊಂದು ಕಾರಣವೂ ಉಂಟು. ಅದು ಪಾರಿತೋಷಕದ ಸ್ವರೂಪಕ್ಕೆ ಸಂಬಂಧಿಸಿದ್ದು. ಈ ಕಾರ್ಯಕ್ರಮದಲ್ಲಿ ಸರಿಯುತ್ತರಕ್ಕೆ ದೊರೆಯುವುದು ಹಣವಲ್ಲ, ಕನ್ನಡದ ಪುಸ್ತಕ. 2000ದ ಜುಲೈ ತಿಂಗಳಲ್ಲಿ ಅಮಿತಾಭ್ ಬಚ್ಚನ್ನರು ಹಿಂದಿಯಲ್ಲಿ 'ಕೌನ್ ಬನೇಗಾ ಕರೋಡ್‌ಪತಿ'ಯನ್ನು ಆರಂಭಿಸಿದಾಗ, ಬ್ರಿಟನ್ನಿನಲ್ಲಿ 1998ರಲ್ಲಿ ಹುಟ್ಟಿದ ಆ ಮಾದರಿಯು ನಮ್ಮ ದೇಶದ ಸಂಜೆಗಳನ್ನೇ ಆಕ್ರಮಿಸಿಕೊಂಡಿತೆಂಬುದು ಎಲ್ಲರಿಗೂ ನೆನಪಿದೆ. ಅದಾದ ಎರಡು ವರ್ಷಗಳೊಳಗೆ, ಕೋಟಿಯ ಮಾತೇ ಎಲ್ಲರ ಬಾಯಲ್ಲಿದ್ದ ಕಾಲದಲ್ಲಿ, ಒಂದು ಸಾರ್ವಜನಿಕ ವಾಹಿನಿಯು 'ನಮ್ಮಲ್ಲಿ ಬಹುಮಾನವೆಂದರೆ ಪುಸ್ತಕ' ಎಂದು ಹೇಳುವ ಧೈರ್ಯವನ್ನು ತೋರಿತಲ್ಲ, ಆ ನಿರ್ಧಾರಕ್ಕೆ ಕನ್ನಡಿಗರು ಋಣಿಗಳಾಗಿರಬೇಕು.

ಕೋಟಿಯ ಕಾರ್ಯಕ್ರಮವನ್ನು ನಾನು ಹಳಿಯುತ್ತಿಲ್ಲ. 2012ರಲ್ಲಿ ಅದರ ಕನ್ನಡದ ಅವತರಣಿಕೆಯನ್ನು ಪುನೀತ್ ರಾಜ್‌ಕುಮಾರರು ನಡೆಸಿದಾಗ, ಬಡ ಕುಟುಂಬಗಳಿಂದ ಬಂದ ಸ್ಪರ್ಧಿಗಳನ್ನು ಅವರು ಮನೆಯ ಹುಡುಗನಂತೆ ಮಾತನಾಡಿಸಿದ ರೀತಿಯನ್ನು ಈ ಜಿಲ್ಲೆಯ ಹಳ್ಳಿಹಳ್ಳಿಗಳೂ ಕಣ್ಣರಳಿಸಿ ನೋಡಿದವು. 2021ರ ಅಕ್ಟೋಬರಿನಲ್ಲಿ ಅವರು ಅಕಾಲದಲ್ಲಿ ಅಗಲಿದಾಗ, ಜನರು ನೆನೆದು ಕಣ್ಣೀರಿಟ್ಟದ್ದು ಚಲಚ್ಚಿತ್ರಗಳ ನಾಯಕನನ್ನಷ್ಟೇ ಅಲ್ಲ, ಎದುರಿಗಿನ ಕುರ್ಚಿಯಲ್ಲಿ ಕುಳಿತು ಕುಶಲ ಕೇಳಿದ ಆ ಮನುಷ್ಯನನ್ನು ಕೂಡ. ಆದರೆ ಹಣದ ಮೆಟ್ಟಿಲುಗಳನ್ನು ಕಟ್ಟಿದ ಆಟದಲ್ಲಿ ಸ್ಪರ್ಧಿಯ ಮನಸ್ಸು ಉತ್ತರವನ್ನು ಚಿಂತಿಸುವ ಬದಲು, ಈಗ ನಿಲ್ಲಲೇ, ಮುಂದುವರಿಯಲೇ ಎಂಬ ಲೆಕ್ಕದಲ್ಲಿ ತೊಳಲಾಡುವುದು ಅನಿವಾರ್ಯ. ಮಗಳ ಮದುವೆ, ಮನೆಯ ಸಾಲ, ತಂದೆಯ ಶಸ್ತ್ರಚಿಕಿತ್ಸೆ ಇವೆಲ್ಲವೂ ಆ ನಾಲ್ಕು ಆಯ್ಕೆಗಳ ಬೆನ್ನಿಗೆ ನಿಂತಿರುತ್ತವೆ. ಪುಸ್ತಕದ ಆಟದಲ್ಲಿ ಅಂಥ ಭಾರವಿಲ್ಲ. ತಪ್ಪಿದರೆ ಕಳೆದುಕೊಳ್ಳುವುದೇನೂ ಇಲ್ಲವಾದುದರಿಂದ ಮನಸ್ಸು ಹಗುರವಾಗಿ ತನ್ನ ನೆನಪಿನ ಮೂಲೆಗಳನ್ನೆಲ್ಲ ತಡಕಾಡಬಲ್ಲುದು. ತಿಳಿವಳಿಕೆಯು ತಾನೇ ಸುಖವೆಂಬ ಅನುಭವ ಅಲ್ಲಿ ಸಾಧ್ಯ. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ.ಯವರಿಗೆ 1970ರಲ್ಲಿ ಒಂದು ಲಕ್ಷ ರೂಪಾಯಿಗಳ ನಿಧಿಯನ್ನು ಅರ್ಪಿಸಿ ಗೌರವಿಸಿದಾಗ, ಅವರು ಅದಷ್ಟನ್ನೂ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ಆ ಸಂಸ್ಥೆಯಲ್ಲಿ ಪುಸ್ತಕಗಳನ್ನೂ ಅಧ್ಯಯನಗೋಷ್ಠಿಗಳನ್ನೂ ದಿನದಿನವೂ ಪೋಷಿಸುತ್ತ ಬಂದವರು ಅವರೇ. ಹಣವು ವಿದ್ಯೆಯ ಪರಿಚಾರಕನಾಗಿ ನಿಲ್ಲಬೇಕಾದ ಸ್ಥಾನ ಯಾವುದೆಂಬುದು ನಮ್ಮ ಜಿಲ್ಲೆಗೆ ಹೊಸದಾಗಿ ಕಲಿಯಬೇಕಾದ ಪಾಠವಲ್ಲ.

ಪುಸ್ತಕವು ಮನೆಗೆ ಬಂದಾಗ ಏನಾಗುತ್ತದೆಂಬುದನ್ನು ನಾನು ಒಮ್ಮೆ ಹತ್ತಿರದಿಂದ ಕಂಡಿದ್ದೇನೆ. ಮಾಲೂರಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬೆಂಗಳೂರಿಗೆ ಹೋಗಿ ಆ ಕಾರ್ಯಕ್ರಮದಲ್ಲಿ ಭಾಗವಹಿಸಿ, ಬಟ್ಟೆಯ ಚೀಲದಲ್ಲಿ ಗೆದ್ದ ಪುಸ್ತಕಗಳನ್ನು ತುಂಬಿಕೊಂಡು ಬಂದನು. ಮನೆಯಲ್ಲಿ ಪುಸ್ತಕದ ಕಪಾಟಿರಲಿಲ್ಲ. ರಾಗಿಹಿಟ್ಟಿನ ಡಬ್ಬದ ಪಕ್ಕದಲ್ಲಿ, ಗೋಡೆಯ ಗೂಡಿನಲ್ಲಿ, ಅವನ್ನು ಸಾಲಾಗಿ ನಿಲ್ಲಿಸಿ, ಪ್ರತಿಯೊಂದರ ಮೊದಲ ಪುಟದಲ್ಲಿ ಯಾವ ಪ್ರಶ್ನೆಗೆ ಯಾವ ಉತ್ತರ ಹೇಳಿ ಅದನ್ನು ಪಡೆದನೆಂಬುದನ್ನು ನೀಲಿ ಶಾಯಿಯಲ್ಲಿ ಬರೆದಿಟ್ಟಿದ್ದನು. ಅವುಗಳಲ್ಲಿ ಮಾಸ್ತಿಯವರ ಸಣ್ಣಕಥೆಗಳ ಸಂಪುಟವೂ ಒಂದು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಹುಟ್ಟಿದ ಹುಂಗೇನಹಳ್ಳಿಯೂ, ಅವರ ಹೆಸರಿನೊಡನೆ ಕೂಡಿಬಂದ ಮಾಸ್ತಿ ಗ್ರಾಮವೂ ಅವನ ತಾಲ್ಲೂಕಿನವೇ. 1983ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯು ಅವರಿಗೆ ಸಂದ ಸಂಗತಿಯನ್ನು ಅವನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದನು. ಆದರೆ ಪಠ್ಯಪುಸ್ತಕದ ಒಂದು ಪಾಠವನ್ನು ಬಿಟ್ಟರೆ, ಅವರ ಒಂದು ಗ್ರಂಥವನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. "ಸಾರ್, ಈ ಕಥೆಗಳಲ್ಲಿ ನಮ್ಮೂರಿನವರೇ ಮಾತಾಡಿದ ಹಾಗಿದೆ" ಎಂದು ಅವನು ಹೇಳಿದಾಗ, ಪಾಠ ಹೇಳಿದವನಾದ ನನಗೆ ಸಂತೋಷವೂ ವ್ಯಥೆಯೂ ಒಟ್ಟಿಗೇ ಆದವು. ತನ್ನ ತಾಲ್ಲೂಕಿನ ಲೇಖಕನನ್ನು ಓದುವುದಕ್ಕೆ ಅವನು ಬೆಂಗಳೂರಿನವರೆಗೆ ಹೋಗಿ ಬರಬೇಕಾಯಿತು. ಆ ಗ್ರಂಥವನ್ನು ಅವನ ಕೈಗಿಡಬೇಕಾದ ನಾವು ಇಡಲಿಲ್ಲ.

ಕೋಲಾರ ಸೀಮೆಯಲ್ಲಿ ಇಂಥ ಕಾರ್ಯಕ್ರಮಕ್ಕೆ ಬೇರೆಡೆಗಿಂತ ಹೆಚ್ಚಿನ ಅರ್ಥವಿದೆ. ಮುಳಬಾಗಿಲೆಂದರೆ ಮೂಡಣ ಬಾಗಿಲು. ನಂಗಲಿಯನ್ನು ದಾಟಿದರೆ ಆಂಧ್ರ. ಶ್ರೀನಿವಾಸಪುರದ ರಾಯಲ್ಪಾಡಿನ ಕಡೆಯವರಿಗೆ ಮದನಪಲ್ಲಿಯ ಸಂತೆ ಸಮೀಪ. ಮಾಲೂರಿನ ದಕ್ಷಿಣದ ಹಳ್ಳಿಗಳಿಗೆ ಹೊಸೂರು ಸಮೀಪ. ಇಲ್ಲಿ ಮಗುವು ತೆಲುಗನ್ನೋ ತಮಿಳನ್ನೋ ಉರ್ದುವನ್ನೋ ತೊಟ್ಟಿಲಲ್ಲಿ ಕೇಳಿ, ಕನ್ನಡವನ್ನು ಶಾಲೆಯ ಹೊಸ್ತಿಲಿನಲ್ಲಿ ಎದುರುಗೊಳ್ಳುವುದು ಸಾಮಾನ್ಯ. ಮಾಸ್ತಿಯವರ ಮನೆಮಾತು ತಮಿಳಾಗಿತ್ತೆಂಬುದನ್ನು ನೆನೆದರೆ, ಈ ಸ್ಥಿತಿಯು ಕೊರತೆಯಲ್ಲವೆಂದು ತಿಳಿಯುವುದು. ಆದರೆ ಶಾಲೆಯ ಕನ್ನಡವು ಪರೀಕ್ಷೆಯ ಕನ್ನಡ. ಪೇಟೆಯ ಕನ್ನಡವು ವ್ಯವಹಾರಕ್ಕೆ ಬೇಕಾದ ನಾಲ್ಕು ಮಾತು. ಇವೆರಡರ ನಡುವೆ, ಸ್ಫುಟವಾದ ಉಚ್ಚಾರಣೆಯುಳ್ಳ, ಪಂಪನಿಂದ ಹಿಡಿದು ಪಚನಾಂಗಗಳವರೆಗೆ ಯಾವುದನ್ನು ಕುರಿತಾದರೂ ಮಾತನಾಡಬಲ್ಲ, ಕಷ್ಟವಾದ ಪದವನ್ನು ಬಳಸಿ ಒಡನೆಯೇ ಅದರ ಅರ್ಥವನ್ನು ತಿಳಿಯಹೇಳುವ ಒಂದು ಧ್ವನಿಯು ರಾತ್ರಿ ರಾತ್ರಿ ಮನೆಯೊಳಗೆ ಬಂದು ಕುಳಿತದ್ದು ಸಾಮಾನ್ಯವಾದ ಉಪಕಾರವಲ್ಲ. ಆಜ್ಞಾಪಿಸಿ ಕಲಿಸಿದ ಭಾಷೆಗಿಂತ, ಪ್ರಶ್ನೆ ಕೇಳಿ ಕರೆದ ಭಾಷೆ ಬೇಗ ಒಲಿಯುತ್ತದೆ. ನನ್ನ ತರಗತಿಗಳಲ್ಲಿ ತೆಲುಗು ಮನೆಮಾತಿನ ಮಕ್ಕಳು 'ಥಟ್ ಅಂತ' ಕೈಯೆತ್ತಿ ಉತ್ತರ ಹೇಳಲು ಹವಣಿಸಿದ ಉತ್ಸಾಹಕ್ಕೆ ಆ ಕಾರ್ಯಕ್ರಮದ ಹೆಸರೇ ಸಾಕ್ಷಿಯಾಗಿ ನಿಂತಿತ್ತು. ಆ ಎರಡು ಪದಗಳು ಅವರ ಆಟದ ಮಾತಿನಲ್ಲಿಯೇ ಬೆರೆತುಹೋಗಿದ್ದವು.

ಪ್ರಶ್ನೋತ್ತರದ ರಸವು ಈ ನೆಲಕ್ಕೆ ಪರಕೀಯವೂ ಅಲ್ಲ. ಅವರೆಯ ಸುಗ್ಗಿಯ ರಾತ್ರಿಗಳಲ್ಲಿ ಜಗುಲಿಯ ಮೇಲೆ ಒಗಟುಗಳನ್ನೊಡ್ಡಿ ಸೋತವರನ್ನು ನಗಿಸಿದ ಹೆಂಗಸರನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಇನ್ನು ವಿದ್ವತ್ತಿನ ಎತ್ತರದಲ್ಲಿ ನೋಡಿದರೆ, ಎಂಟು ಮಂದಿ ಪೃಚ್ಛಕರು ಸುತ್ತಲೂ ಕುಳಿತು ಒಬ್ಬನನ್ನು ಪರೀಕ್ಷಿಸುವ ಅಷ್ಟಾವಧಾನವುಂಟು. ತೆಲುಗುನಾಡಿನಲ್ಲಿ ಸಮೃದ್ಧವಾಗಿ ಬೆಳೆದ ಆ ಕಲೆಗೆ ಕನ್ನಡದಲ್ಲಿ ಹೊಸ ಜೀವವನ್ನು ತಂದ ಶತಾವಧಾನಿ ಆರ್. ಗಣೇಶರು 1962ರಲ್ಲಿ ಹುಟ್ಟಿದ್ದು ಕೋಲಾರದಲ್ಲಿ. ಅವಧಾನದಲ್ಲಿ ಹಲವರು ಕೇಳಿ ಒಬ್ಬನು ಹೇಳುವನು, ರಸಪ್ರಶ್ನೆಯಲ್ಲಿ ಒಬ್ಬನು ಕೇಳಿ ಹಲವರು ಹೇಳುವರು. ಎರಡು ಭಾಷೆಗಳ ಗಡಿಯಲ್ಲಿ ಬದುಕುವ ಜನಕ್ಕೆ ಇವೆರಡೂ ಒಗ್ಗುವುದು ಸ್ವಾಭಾವಿಕವೆಂದು ನನಗೆ ತೋರುತ್ತದೆ, ಏಕೆಂದರೆ ದಿನವೂ ಒಂದು ನುಡಿಯಲ್ಲಿ ಯೋಚಿಸಿ ಇನ್ನೊಂದರಲ್ಲಿ ಉತ್ತರಿಸುವುದು ಅವರಿಗೆ ರೂಢಿ.

ಅಮೆರಿಕದಲ್ಲಿ ಅಲೆಕ್ಸ್ ಟ್ರೆಬೆಕ್ ಎಂಬವರು 1984ರಿಂದ 2020ರಲ್ಲಿ ತೀರಿಕೊಳ್ಳುವವರೆಗೆ 'ಜೆಪರ್ಡಿ' ಎಂಬ ಒಂದೇ ಪ್ರಶ್ನಾವಳಿಯನ್ನು ನಡೆಸಿದರು. ಅವರು ತೀರಿಕೊಂಡಾಗ ಆ ದೇಶವು ಒಬ್ಬ ಅಧ್ಯಾಪಕನನ್ನು ಕಳೆದುಕೊಂಡಂತೆ ದುಃಖಿಸಿತು. ನಮ್ಮ ದೂರದರ್ಶನದಲ್ಲಿಯೇ 1985ರಲ್ಲಿ ಸಿದ್ಧಾರ್ಥ ಬಸು ಅವರ 'ಕ್ವಿಜ್ ಟೈಮ್' ಒಂದು ತಲೆಮಾರಿನ ಕಾಲೇಜು ಹುಡುಗರನ್ನು ಗ್ರಂಥಾಲಯಗಳ ಕಡೆಗೆ ತಿರುಗಿಸಿತು. ಆದರೆ ಅದು ಇಂಗ್ಲಿಷಿನಲ್ಲಿದ್ದುದರಿಂದ ಶ್ರೀನಿವಾಸಪುರದ ಹುಡುಗನು ಅದನ್ನು ಹೊರಗಿನಿಂದ ನೋಡಿದನೇ ಹೊರತು ಒಳಹೊಗಲಿಲ್ಲ. ಒಳಹೊಗುವ ಬಾಗಿಲನ್ನು ಅವನ ನುಡಿಯಲ್ಲಿ ತೆರೆದವರು ಸೋಮೇಶ್ವರರು. ಎರಡು ದಶಕಗಳ ಕಾಲ ಒಂದೇ ಸ್ಥಾನದಲ್ಲಿ ಅಲುಗದೆ ನಿಂತು, ಹೆಚ್ಚಿನ ಪ್ರಚಾರದ ವೇದಿಕೆಗಳ ಥಳುಕಿಗೆ ಪ್ರತಿಯಾಗಿ ತನ್ನ ಕೆಲಸವನ್ನೇ ಮುಂದಿಟ್ಟುಕೊಂಡು ಬಂದ ಇಂಥ ಜೀವನವನ್ನು ನಾವು ಒಂದು ವಿದ್ಯಾಪೀಠದ ಸೇವೆಗೆ ಸಮಾನವೆಂದು ಎಣಿಸಬೇಕು.

ಎಣಿಸಿದರೆ ಸಾಲದು, ಕೆಲವು ಕೆಲಸಗಳನ್ನು ಮಾಡಬೇಕು. ಆ ಸಾವಿರಾರು ಸಂಚಿಕೆಗಳನ್ನು ವಿಷಯಾನುಕ್ರಮವಾಗಿ ವಿಂಗಡಿಸಿ ಸರ್ಕಾರಿ ಶಾಲೆಗಳಿಗೆ ದೊರಕುವಂತೆ ಮಾಡುವುದು ಪ್ರಸಾರ ಭಾರತಿಯ ಕರ್ತವ್ಯ. ಅದು ರಾಷ್ಟ್ರದ ಹಣದಿಂದ ಸಿದ್ಧವಾದ ಆಸ್ತಿ. ಎರಡನೆಯದಾಗಿ, ಈ ವಿದ್ಯೆಯಲ್ಲಿ ಕಿರಿಯರನ್ನು ಪಳಗಿಸಬೇಕು. ಸಂಗೀತದಲ್ಲಿ ಗುರುವಿನ ಪಕ್ಕದಲ್ಲಿ ತಂಬೂರಿ ಹಿಡಿದು ಕುಳಿತ ಶಿಷ್ಯನಿರುವಂತೆ, ಪ್ರಶ್ನೆ ರಚಿಸುವುದನ್ನೂ, ಉತ್ತರಕ್ಕಾಗಿ ಕಾಯುವುದನ್ನೂ, ತಪ್ಪನ್ನು ನೋಯಿಸದೆ ತಿದ್ದುವುದನ್ನೂ ಕಲಿಯುವ ನಾಲ್ಕಾರು ಮಂದಿ ತರುಣ ತರುಣಿಯರು ಆ ವೇದಿಕೆಯ ಬದಿಯಲ್ಲಿರಬೇಕು. ಅವರಲ್ಲಿ ಒಬ್ಬರಾದರೂ ಗಡಿ ತಾಲ್ಲೂಕಿನವರಾಗಿರಲಿ. ಮೂರನೆಯದು ನನ್ನ ಹೃದಯಕ್ಕೆ ಅತ್ಯಂತ ಸಮೀಪವಾದ ಕೋರಿಕೆ. ಸ್ಪರ್ಧಿಗಳು ಬೆಂಗಳೂರಿಗೆ ಹೋಗುವ ಬದಲು, ವರ್ಷಕ್ಕೊಮ್ಮೆಯಾದರೂ ಕಾರ್ಯಕ್ರಮವೇ ಇಲ್ಲಿಗೆ ಬರಲಿ. ಕೋಲಾರದಲ್ಲಿ ಟಿ. ಚನ್ನಯ್ಯ ರಂಗಮಂದಿರವಿದೆ, ಮಾಲೂರಿನಲ್ಲಿಯೂ ಮುಳಬಾಗಿಲಿನಲ್ಲಿಯೂ ಶ್ರೀನಿವಾಸಪುರದಲ್ಲಿಯೂ ಶಾಲೆಗಳ ಅಂಗಳಗಳಿವೆ. ಡಿ.ವಿ.ಜಿ. ಹುಟ್ಟಿದ ಮಾರ್ಚ್ 17ರಂದು ಮುಳಬಾಗಿಲಿನಲ್ಲಿ, ಮಾಸ್ತಿಯವರು ಹುಟ್ಟಿದ ಜೂನ್ 6ರಂದು ಮಾಲೂರಿನಲ್ಲಿ ನಡೆಸಬಹುದು; ಗೆದ್ದವರಿಗೆ ಅವರವರ ಗ್ರಂಥಗಳನ್ನೇ ಕೊಡಬಹುದು. ಶ್ರೀನಿವಾಸಪುರಕ್ಕೆ ಮಾತ್ರ ಆಗಸ್ಟ್ ಕಳೆದ ಮೇಲೆ ಬರುವುದು ಲೇಸು. ಮೇ ಜೂನ್ ತಿಂಗಳುಗಳಲ್ಲಿ ಅಲ್ಲಿನ ಮಕ್ಕಳೆಲ್ಲರೂ ತಂದೆತಾಯಿಗಳೊಡನೆ ಮಾವಿನ ತೋಪಿನಲ್ಲಿಯೋ ಮಂಡಿಯಲ್ಲಿಯೋ ಇರುತ್ತಾರೆ, ಬಾದಾಮಿಯನ್ನೂ ತೋತಾಪುರಿಯನ್ನೂ ಬೇರೆಬೇರೆಯಾಗಿ ಆರಿಸುತ್ತ.