ಸವಳಾದ ನೆಲ ಯಾರ ಲೆಕ್ಕಕ್ಕೆ?

ನಮ್ಮ ಸಂವಿಧಾನದ 48ನೆಯ ವಿಧಿಯು ವ್ಯವಸಾಯವನ್ನು ಆಧುನಿಕವೂ ವೈಜ್ಞಾನಿಕವೂ ಆದ ಕ್ರಮದಲ್ಲಿ ವ್ಯವಸ್ಥೆಗೊಳಿಸಬೇಕೆಂದು ರಾಜ್ಯಕ್ಕೆ ವಿಧಿಸುತ್ತದೆ. 1976ರ ತಿದ್ದುಪಡಿಯಿಂದ ಅದರ ಮಗ್ಗುಲಿಗೇ ಬಂದು ನಿಂತ 48ಎ ವಿಧಿಯು ಪರಿಸರವನ್ನು ರಕ್ಷಿಸಬೇಕೆನ್ನುತ್ತದೆ. ಗ್ರಂಥದಲ್ಲಿ ನೆರೆಹೊರೆಯಾಗಿರುವ ಇವೆರಡೂ ಆಡಳಿತದಲ್ಲಿ ಪರಸ್ಪರ ಮುಖ ನೋಡಿಕೊಂಡಂತಿಲ್ಲ. ಇಳುವರಿಯ ಚಿಂತೆ ಒಂದು ಇಲಾಖೆಯದು, ಅರಣ್ಯ ಮತ್ತು ಜಲವಾಯುಗಳ ಚಿಂತೆ ಮತ್ತೊಂದರದು. ಉಳುವ ಮಣ್ಣೂ ಪರಿಸರವೇ ಎಂಬ ವಿಚಾರಕ್ಕೆ ಮಾತ್ರ ಎರಡು ಕಚೇರಿಗಳಲ್ಲಿಯೂ ಆಸನವಿಲ್ಲ.

ತುಂಗಭದ್ರೆಯ ಎಡದಂಡೆ ಕಾಲುವೆಯ ಗುಂಟ ಸಾಗಿದವರಿಗೆ ಇದರ ಪರಿಣಾಮ ಪ್ರತ್ಯಕ್ಷವಾದೀತು. ಹೊಸಪೇಟೆಯ ಬಳಿ 1953ರಲ್ಲಿ ನೀರು ನಿಲ್ಲಿಸಿದ ಆ ಯೋಜನೆಯ ಸಂಕಲ್ಪವಾದರೂ ಏನಾಗಿತ್ತು? ಬರದ ಸೀಮೆಯ ಬಹುಜನಕ್ಕೆ ಮಿತವಾದ ನೀರನ್ನು ಹಂಚಿ, ಜೋಳ, ಹತ್ತಿ, ಶೇಂಗಾಗಳಂಥ ಹಗುರ ಬೆಳೆಗಳನ್ನು ಕಾಪಾಡುವುದು. ಭತ್ತಕ್ಕೆ ಕೊಂಚ ಪಾಲು. ಪರಿಸರ ನೀತಿಯೆಂಬ ಹೆಸರು ಹುಟ್ಟುವ ಮೊದಲೇ ರೂಪುಗೊಂಡ ಪರಿಸರ ನೀತಿಯೆಂದು ಈ ಬೆಳೆ ನಿಯಮವನ್ನು ನಾನು ಎಣಿಸುತ್ತೇನೆ. ಆದರೆ ಆಂಧ್ರದ ಕರಾವಳಿಯಿಂದ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡ ಶ್ರಮಶೀಲ ರೈತರು ಗಂಗಾವತಿ, ಸಿಂಧನೂರುಗಳ ಬಯಲಿನಲ್ಲಿ ಭತ್ತವನ್ನು ನಾಟಿದರು. ಸ್ಥಳಿಕರೂ ಅವರನ್ನು ಅನುಸರಿಸಿದರು. ಬೆಂಬಲ ಬೆಲೆಯೂ ಅಕ್ಕಿ ಗಿರಣಿಗಳೂ ಆ ಮಾರ್ಗವನ್ನು ಸುಗಮಗೊಳಿಸಿದುವು. ನೀರು ಸುಲಭವಾಗಿ ಬಸಿದುಹೋಗದ ಎರೆಭೂಮಿಯಲ್ಲಿ ವರ್ಷವರ್ಷವೂ ನೀರು ನಿಂತು, ಬಸಿಗಾಲುವೆಗಳೂ ಸಾಲದೆ, ಅಂತರ್ಜಲವು ಮೇಲೇರಿ ಒಳಗಿನ ಲವಣವನ್ನು ಮೇಲ್ಪದರಕ್ಕೆ ಎತ್ತಿತಾಗಿ, ಸಹಸ್ರಾರು ಎಕರೆ ನೆಲ ಸವಳು-ಜವಳಾಯಿತು. ಅತ್ತ ಮಾನ್ವಿ, ರಾಯಚೂರು ಕಡೆಯ ಕೊನೆಭಾಗದ ರೈತರು ನೀರಿಗಾಗಿ ರಸ್ತೆಗಿಳಿಯುತ್ತಲೇ ಇದ್ದಾರೆ. ಆದಿಯಲ್ಲಿ ಸುಮಾರು 133 ಟಿಎಂಸಿ ಇದ್ದ ಜಲಾಶಯದ ಸಾಮರ್ಥ್ಯವು ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿರುವುದು ಅವರ ಕಷ್ಟವನ್ನು ಇಮ್ಮಡಿಸಿದೆ.

ಇದಕ್ಕೆ ಭತ್ತದ ರೈತನನ್ನು ಅಪರಾಧಿಯೆನ್ನುವುದು ನ್ಯಾಯವಲ್ಲ. ಬೆಳೆ ಉಲ್ಲಂಘನೆಯೆಂದು ಒಂದು ಕಚೇರಿ ನೋಟೀಸು ಕೊಡುತ್ತಿರುವಾಗಲೇ ಅದೇ ಬೆಳೆಯನ್ನು ಇನ್ನೊಂದು ಕಚೇರಿ ನಿಶ್ಚಿತ ಬೆಲೆಗೆ ಕೊಳ್ಳುತ್ತಿದ್ದರೆ, ಆತ ಯಾವ ಸರ್ಕಾರದ ಮಾತನ್ನು ನಂಬಬೇಕು? ಅಧಿಕ ಇಳುವರಿಯನ್ನು ಆದಾಯವೆಂದು ಬರೆದುಕೊಂಡು, ಕೆಟ್ಟ ನೆಲವನ್ನು ನಷ್ಟವೆಂದು ಬರೆಯದಿರುವ ಲೆಕ್ಕವನ್ನು ಅಭಿವೃದ್ಧಿಯೆಂದು ಕರೆಯಲು ನನ್ನ ಮನಸ್ಸು ಒಪ್ಪದು.

ಆದುದರಿಂದ ನೀರಾವರಿಯ ಅಂದಾಜುಪಟ್ಟಿಯಲ್ಲಿಯೇ ಬಸಿಗಾಲುವೆಯ ವೆಚ್ಚವನ್ನೂ ಮಣ್ಣಿನ ಕ್ಷಯವನ್ನೂ ಸೇರಿಸತಕ್ಕದ್ದು. ಜೋಳಕ್ಕೆ ಬೆಲೆ ಘೋಷಿಸಿದರಷ್ಟೇ ಸಾಲದು, ಸುಗ್ಗಿಯ ಹೊತ್ತಿಗೆ ಖರೀದಿ ಕೇಂದ್ರದ ಬಾಗಿಲನ್ನೂ ತೆರೆಯಬೇಕು. ಭತ್ತ ಬೇಡವೆಂಬ ಮಾತನ್ನು ಸರ್ಕಾರ ಆಮೇಲೆ ಆಡಲಿ.