ಉಪ್ಪಪ್ಪನ ತೋಣಿ ಶೋಕೇಸಿಗೆ ಬೇಡ

ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಒಂದೇ ಮಾತಿಗೆ ಒಪ್ಪುವುದು ಅಪರೂಪ. ಕಳೆದ ತಿಂಗಳು ಒಪ್ಪಿದರು. ಶಿರಿಯ ಹೊಳೆಯ ಬದಿಯ ನಮ್ಮ ತೆಂಗಿನ ತೋಟದಲ್ಲಿ ಮಡಲಿನ ಚಪ್ಪರದ ಅಡಿ ಬಿದ್ದಿರುವ ಉಪ್ಪಪ್ಪನ ಮೀನಿನ ತೋಣಿಯನ್ನು ಹಣ ಕೊಟ್ಟು ರಿಪೇರಿ ಮಾಡಿಸಿ, ಪಾಲಿಶ್ ಹಾಕಿಸಿ, ಹೊಸ ಮನೆಯ ಅಂಗಳದಲ್ಲಿ ಲೈಟು ಹಾಕಿ ನಿಲ್ಲಿಸಬೇಕು ಎಂದು ಶಾರ್ಜಾದಲ್ಲಿರುವ ದೊಡ್ಡ ಕಾಕ ಬರೆದರು. ಐದು ನಿಮಿಷದಲ್ಲಿ ಹದಿನೇಳು ಹೆಬ್ಬೆರಳು ಬಂತು. ಬೇಡ ಎಂದವನು ನಾನೊಬ್ಬ. ಅಂದಿನಿಂದ ನಾನು ಗ್ರೂಪಿನಲ್ಲಿ ಜಿಪುಣ. ಅಲ್ಲಿ ಉದ್ದ ಬರೆದರೆ ಯಾರೂ ಓದುವುದಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಇಂಥದೊಂದು ತೋಣಿ, ಗಾಣ, ಎತ್ತಿನ ಗಾಡಿ ನಿಮ್ಮ ಮನೆಯ ಹಿಂದೆಯೂ ಇರಬಹುದು.

ಮೊದಲು ಹೇಳಿಬಿಡುತ್ತೇನೆ, ನನ್ನ ಜಗಳ ರಿಪೇರಿಯ ಮೇಲೆ ಅಲ್ಲ. "ಹಳೇ ಮರ, ಒಲೆಗೆ ಹಾಕಿ" ಎನ್ನುವವರ ಮೇಲೂ ಅಲ್ಲ. ಅವರು ಕನಿಷ್ಠ ನೇರ ಮಾತಾಡುತ್ತಾರೆ. ನನ್ನ ಜಗಳ ಇರುವುದು ಇನ್ನು ಎಂದಿಗೂ ನೀರಿಗೆ ಇಳಿಯಬಾರದು ಎಂದು ನಿಶ್ಚಯಿಸಿಕೊಂಡೇ ತೋಣಿಗೆ ಲಕ್ಷಗಟ್ಟಲೆ ಸುರಿಯುವವರ ಮೇಲೆ.

ಕಾಕ ಕಳಿಸಿದ ಎಸ್ಟಿಮೇಟು ನಾನು ಓದಿದ್ದೇನೆ. ಯಾರು ಕೊಟ್ಟದ್ದು ಎಂಬ ಹೆಸರು ಇಲ್ಲಿ ಬೇಡ. ಕಪ್ಪು ಪದರವನ್ನೆಲ್ಲ ಮೆಶಿನಿನಲ್ಲಿ ಉಜ್ಜಿ ತೆಗೆಯುವುದು, ಸಂದುಗಳಿಗೆ ಪುಟ್ಟಿ ತುಂಬುವುದು, ಹೊರಗಿನಿಂದ ಫೈಬರ್ ಹೊದಿಸುವುದು, ಮೇಲೆ ವಾರ್ನಿಶ್. ಇದಕ್ಕೆ ಅವರು ಇಟ್ಟ ಹೆಸರು "ಪುನರುಜ್ಜೀವನ". ಜೀವ ಎಲ್ಲಿಂದ ಬಂತು ಮಾರಾಯರೇ?

ಈ ತೋಣಿ ಹೆಬ್ಬಲಸಿನ ಹಲಗೆಯದ್ದು. ಹಲಗೆಗೆ ಹಲಗೆಯನ್ನು ಮೊಳೆ ಹೊಡೆದು ಸೇರಿಸಿದ್ದಲ್ಲ, ತೆಂಗಿನ ಹುರಿಯಿಂದ ಹೊಲಿದದ್ದು. ಅಳಿವೆ ಬಾಗಿಲಿನಲ್ಲಿ ಮರಳ ದಿಬ್ಬಕ್ಕೆ ಬಡಿದರೆ ಇಂಥ ತೋಣಿ ಸ್ವಲ್ಪ ಬಾಗುತ್ತದೆ, ಒಡೆಯುವುದಿಲ್ಲ. ಹೊಲಿಗೆ ಸಡಿಲವಾದರೆ ಬಿಚ್ಚಿ ಮತ್ತೆ ಹೊಲಿಯಬಹುದು, ಕೆಟ್ಟ ಒಂದು ಹಲಗೆಯನ್ನು ಮಾತ್ರ ಬದಲಿಸಬಹುದು. ಉಜ್ಜಿ ತೆಗೆಯಬೇಕು ಎನ್ನುವ ಆ ಕಪ್ಪು ಪದರ ಕೊಳೆಯಲ್ಲ. ಭೂತಾಯಿ ಮೀನಿನ ಎಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ವರ್ಷ ವರ್ಷ ಬಳಿದು ಬಳಿದು ಕೂತದ್ದು. ಉಪ್ಪುನೀರಿನ ಮರಕೊರಕ ಹುಳುವಿನಿಂದ ಹಲಗೆಯನ್ನು ಕಾಪಾಡಲು ಬಳಿದ ಎಣ್ಣೆ ಅದು. ಅದನ್ನು ಉಜ್ಜಿ ತೆಗೆಯುವುದೆಂದರೆ ಹಳೇ ಲೆಕ್ಕದ ಪುಸ್ತಕವನ್ನು ಸೋಪು ಹಾಕಿ ತೊಳೆದ ಹಾಗೆ.

ಫೈಬರಿನ ಮೇಲೆ ನನಗೆ ಸಿಟ್ಟಿಲ್ಲ. ಇವತ್ತು ಸಮುದ್ರಕ್ಕೆ ಹೋಗುವವರು ಫೈಬರ್ ದೋಣಿ ತೆಗೆದುಕೊಂಡದ್ದು ಸರಿಯೇ. ಮರ ತುಟ್ಟಿ, ನಿಭಾಯಿಸುವುದು ಕಷ್ಟ. ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ರಬ್ಬರ್ ಮರಕ್ಕೆ ಔಷಧ ಕೊಟ್ಟು, ಫೈಬರ್ ಹೊದಿಸಿ ದೋಣಿ ಮಾಡಿ ತೋರಿಸಿದ್ದಾರೆ. ಅದು ಒಣಗಿಸಿ, ಸಂಸ್ಕರಿಸಿದ ಹೊಸ ಮರ. ದಶಕಗಟ್ಟಲೆ ಉಪ್ಪು ಕುಡಿದ ಹಲಗೆಗೆ ಹೊರಗಿನಿಂದ ಮಾತ್ರ ಪ್ಲಾಸ್ಟಿಕ್ ಅಂಗಿ ತೊಡಿಸಿದರೆ ಕಥೆ ಬೇರೆ. ನಮ್ಮ ಊರಿನ ಮಳೆ ಒಳಗಿನಿಂದ ಇಳಿಯುತ್ತದೆ, ಹೊರಗೆ ಹೋಗಲು ದಾರಿ ಇಲ್ಲ. ಹೊರಗಿನಿಂದ ಕನ್ನಡಿಯ ಹಾಗೆ ಹೊಳೆಯುತ್ತಿರುವಾಗಲೇ ಒಳಗೆ ಮರ ಹಿಟ್ಟಾಗುತ್ತದೆ.

ಇಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ನನ್ನನ್ನು ಕೆಣಕಿದ್ದು ಬೇರೆ.

ಬ್ಯಾರಿ ಎಂಬ ಹೆಸರು ತುಳುವಿನ ಬ್ಯಾರದಿಂದ, ಅಂದರೆ ವ್ಯಾಪಾರದಿಂದ ಬಂತು ಎಂದು ಒಂದು ವಾದ. ಸಮುದ್ರ ಎಂಬ ಅರ್ಥದ ಅರಬಿಯ ಬಹರ್‌ನಿಂದ ಬಂತು ಎಂದು ಇನ್ನೊಂದು. ವೇದಿಕೆ ಹತ್ತಿದರೆ ನಾವು ಎರಡನ್ನೂ ಬಿಡುವುದಿಲ್ಲ. ಅರಬರ ಹಡಗು, ಕರಿಮೆಣಸು, ಬಂದರು, ಎಲ್ಲ ಹೇಳುತ್ತೇವೆ. ಆದರೆ ಮೀನಿನ ಬುಟ್ಟಿ? ಅದನ್ನು ಯಾವ ಭಾಷಣದಲ್ಲಿ ಕೇಳಿದ್ದೀರಿ? ನನ್ನ ಉಪ್ಪ ಬೆಳಿಗ್ಗೆ ಇದೇ ತೋಣಿಯಲ್ಲಿ ಬಲೆ ಹಾಕಿ, ಹೊತ್ತು ಏರುವ ಮೊದಲು ಸೈಕಲಿಗೆ ಬುಟ್ಟಿ ಕಟ್ಟಿ ಮೀನು ಮಾರಿದವರು. ತಂಗಿಯ ಮದುವೆ ಮಾತಿಗೆ ಬಂದವರು "ಉಪ್ಪನಿಗೆ ಎಂತ ಕೆಲಸ?" ಎಂದು ಕೇಳಿದಾಗ ನಾವು "ಸಣ್ಣ ವ್ಯಾಪಾರ ಉಂಟು" ಎಂದೆವು. ಆ ವಾರ ತೋಣಿಯನ್ನು ಮಗುಚಿ ಹಾಕಿ, ಮೇಲೆ ತೆಂಗಿನ ಮಡಲು ಮುಚ್ಚಿದೆವು. ಮುಚ್ಚಿದವರಲ್ಲಿ ನಾನೂ ಒಬ್ಬ. ಉಪ್ಪ ನೋಡುತ್ತಾ ನಿಂತಿದ್ದರು, ಒಂದು ಮಾತೂ ಆಡಲಿಲ್ಲ.

ಅನ್ನ ಕೊಡುತ್ತಿದ್ದಾಗ ನಮಗೆ ಅದು ನಾಚಿಕೆ. ಹುಟ್ಟು ಹಾಕುವವರು ಮನೆಯಲ್ಲಿ ಯಾರೂ ಇಲ್ಲದಾದ ಮೇಲೆ ಅದು ಹೆಮ್ಮೆ. ಈ ಹೆಮ್ಮೆಯನ್ನು ನಾನು ನಂಬುವುದಿಲ್ಲ. ಮೀನಿನ ವಾಸನೆ ಹೋದ ಮೇಲೆ ಮಾತ್ರ ತೋಣಿಯನ್ನು ಎದುರಿನ ಅಂಗಳಕ್ಕೆ ತರುತ್ತೇವೆ ಎಂದರೆ, ನಾವು ಮರ್ಯಾದೆ ಕೊಡುತ್ತಿರುವುದು ಉಪ್ಪಪ್ಪನಿಗಲ್ಲ, ವಾರ್ನಿಶಿಗೆ. ಇವತ್ತೂ ನಮ್ಮ ಹೊಳೆಯಲ್ಲಿ ಬಲೆ ಬೀಸುವ, ಮರುವಾಯಿ ತೆಗೆಯುವ ಹುಡುಗರಿದ್ದಾರೆ. ಅವರಿಗೆ ಹೆಣ್ಣು ಕೊಡಲು ನಾವು ಎಷ್ಟು ಜನ ತಯಾರು? ತೋಣಿಗೆ ಲೈಟು ಹಾಕುವ ಮೊದಲು ಇದಕ್ಕೆ ಉತ್ತರ ಹೇಳಿ.

"ಮಕ್ಕಳು ನೋಡಲಿ ಅಂತ" ಎನ್ನುತ್ತಾರೆ ಕಾಕ. ಒಳ್ಳೆಯ ಮಾತು. ಮಕ್ಕಳು ಎಂತ ನೋಡುತ್ತಾರೆ? ಹೊಳೆಯುವ ಒಂದು ವಸ್ತು, ಹತ್ತಬೇಡ ಎಂಬ ಗದರಿಕೆ, ಒಂದು ಸೆಲ್ಫಿ. ತೋಣಿಯ ಪ್ರತಿ ಭಾಗಕ್ಕೂ, ಪ್ರತಿ ಕಟ್ಟಿಗೂ, ಹೊಳೆಯ ಪ್ರತಿ ಸೆಳೆತಕ್ಕೂ ಉಪ್ಪನ ಬಾಯಲ್ಲಿ ಬ್ಯಾರಿ ಭಾಷೆಯ ಹೆಸರಿತ್ತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಮಕ್ಕಳು ಕನ್ನಡ ಶಾಲೆಗೆ ಹೋದರೂ ಮಲಯಾಳ ಶಾಲೆಗೆ ಹೋದರೂ ಆ ಹೆಸರುಗಳು ಯಾವ ಪಾಠದಲ್ಲೂ ಇಲ್ಲ. 2007ರಲ್ಲಿ ಕರ್ನಾಟಕದಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂತು, ಸಂತೋಷ. ಅಕಾಡೆಮಿ ಪದಗಳನ್ನು ಪುಸ್ತಕಕ್ಕೆ ಸೇರಿಸಬಹುದು. ಬಾಯಲ್ಲಿ ಉಳಿಸಲು ಕೆಲಸವೇ ಬೇಕು. ಹೊಲಿಗೆ ಬಿಚ್ಚುವವನು ಮಾತ್ರ ಹೊಲಿಗೆಯ ಹೆಸರು ಕೇಳುತ್ತಾನೆ.

ಬೇಪೂರಿನ ಉರು ನೋಡಿ. ಅಲ್ಲಿನ ಖಲಾಸಿಗಳ, ಆಶಾರಿಗಳ ವಿದ್ಯೆ ಇವತ್ತಿನವರೆಗೆ ಉಳಿದದ್ದು ಯಾರೋ ಗಲ್ಫಿನಿಂದ ಉರು ಕಟ್ಟಿಕೊಡಿ ಎಂದು ಕೇಳುತ್ತಾ ಬಂದದ್ದರಿಂದ. ಆರ್ಡರು ಇದ್ದರೆ ವಿದ್ಯೆ, ಇಲ್ಲದಿದ್ದರೆ ನೆನಪು.

ಹಾಗಾದರೆ ಮಾಡುವುದೇನು? ಎಲ್ಲ ತೋಣಿಯನ್ನೂ ಉಳಿಸಿ ಎಂದು ನಾನು ಹೇಳುವುದಿಲ್ಲ. ಮೊದಲು ಒಂದು ಚೂರಿ ತೆಗೆದುಕೊಳ್ಳಿ. ತಳದ ಹಲಗೆ, ಎರಡು ತುದಿ, ಹೊಲಿಗೆಯ ತೂತುಗಳ ಸುತ್ತ ಚುಚ್ಚಿ ನೋಡಿ. ಚೂರಿ ತಡೆದರೆ ಮರ ಬದುಕಿದೆ. ಬೆಣ್ಣೆಯ ಹಾಗೆ ಇಳಿದರೆ ಆಯುಷ್ಯ ಮುಗಿಯಿತು. ಆಮೇಲೆ, ಈಗಲೂ ಹೊಳೆಯ ದೋಣಿ ರಿಪೇರಿ ಮಾಡುವ ಆಚಾರಿಯನ್ನು ಕರೆಸಿ, ಎಷ್ಟು ಹಲಗೆ ಬದಲಿಸಬೇಕು ಎಂದು ಕೇಳಿ. ಮೂರನೆಯದಾಗಿ, ರಿಪೇರಿ ಆದ ಮೇಲೆ ಯಾರು ಬಳಸುತ್ತಾರೆ ಎಂದು ಕೇಳಿ. ಮೂರನೆಯ ಪ್ರಶ್ನೆಗೆ ಒಬ್ಬ ಮನುಷ್ಯನ ಹೆಸರು ಉತ್ತರವಾಗಿ ಬರದಿದ್ದರೆ ಹಣ ಹಾಕಬೇಡಿ.

ನಮ್ಮಲ್ಲಿ ಹೆಸರು ಉಂಟು. ನಮ್ಮ ಮಾಮನ ಮಗ ಬಾಡಿಗೆ ದೋಣಿಯಲ್ಲಿ ಬಲೆ ಹಾಕುತ್ತಾನೆ. ತೋಣಿ ಅವನಿಗೆ ಹೋಗಲಿ. ಕಾಕ ಪಾಲಿಶಿಗೆ ಇಟ್ಟ ಹಣದಲ್ಲಿ ಆಚಾರಿಯ ಕೂಲಿ, ಹಲಗೆ, ಹುರಿ, ಎಣ್ಣೆ ಎಲ್ಲ ಆಗಿ, ಜೊತೆಗೆ ಕೆಲಸ ಕಲಿಯುವ ಒಬ್ಬ ಹುಡುಗನಿಗೂ ಸಂಬಳ ಕೊಡಬಹುದು. ರಿಪೇರಿ ನಡೆಯುವಾಗ ಮಕ್ಕಳು ಪಕ್ಕದಲ್ಲಿ ಕೂತು ಫೋನಿನಲ್ಲಿ ರೆಕಾರ್ಡು ಮಾಡಲಿ, ಪ್ರತಿ ಭಾಗದ ಹೆಸರನ್ನು ಉಮ್ಮನ ಹತ್ತಿರ ಕೇಳಿ ಬರೆದುಕೊಳ್ಳಲಿ. ಮ್ಯೂಸಿಯಂನವರು ಕೇಳಿದರೆ? ಕೊಡೋಣ, ಆದರೆ ಕಪ್ಪು ಪದರ, ತೇಪೆ, ಗಾಯ ಎಲ್ಲ ಇದ್ದ ಹಾಗೆಯೇ. ಮರ ಕೆಟ್ಟಿದ್ದರೆ ಎರಡು ಮಣೆ ಮಾಡಿಸಿ, ಉಳಿದದ್ದು ಒಲೆಗೆ. ಅದರಲ್ಲಿ ಅವಮಾನ ಇಲ್ಲ. ಕೆಲಸ ಮುಗಿಸಿದ ಮರ ಅದು.

ಗ್ರೂಪಿನಲ್ಲಿ ಇಷ್ಟು ಬರೆಯಲಾಗಲಿಲ್ಲ, ಕಾಕ. ನೀವು ರಜೆಯಲ್ಲಿ ಬಂದಾಗ ನಾನು ಚೂರಿ ಹಿಡಿದುಕೊಂಡು ಚಪ್ಪರದ ಹತ್ತಿರ ಇರುತ್ತೇನೆ. ಇಬ್ಬರೂ ಸೇರಿ ಚುಚ್ಚಿ ನೋಡೋಣ. ಮರ ಗಟ್ಟಿ ಇದ್ದರೆ ತೋಣಿ ಹೊಳೆಗೆ. ನಿಮ್ಮ ಹೊಸ ಅಂಗಳದಲ್ಲಿ ಖಾಲಿ ಜಾಗ ಉಳಿದರೆ ಮಾಮನ ಮಗನಿಗೆ ಬಲೆ ಒಣಗಿಸಲು ಬಿಡಿ. ಬಂದ ನೆಂಟರು ಅದು ಯಾರದ್ದು ಎಂದು ಕೇಳಿದರೆ, ಈ ಸಲ ನಿಜ ಹೇಳೋಣ.